ಪಕ್ಕದ ಸೀಟಿನ ಐವತ್ತೆರಡು ಕಿಲೋ

ಒಬ್ಬ ಹೆಂಗಸಿನ ಮೇಲೆ ಇನ್ನೊಬ್ಬ ಹೆಂಗಸು ಹೊಟ್ಟೆಕಿಚ್ಚು ಪಡುವುದನ್ನು ಎಲ್ಲರೂ ನೋಡಿರುತ್ತೀರಿ. ನಾನು ಹೊಟ್ಟೆಕಿಚ್ಚು ಪಟ್ಟಿದ್ದು ಒಂದು ಅಂಕಿಯ ಮೇಲೆ. ಐವತ್ತೆರಡು.

ನಮ್ಮ ವರ್ಕ್‌ಶಾಪಿನಲ್ಲಿ ಕಾರಿನ ಅಳತೆಗಳನ್ನೆಲ್ಲ ಬರೆಯುವ ಸೆಟಪ್ ಹಾಳೆಯಲ್ಲಿ 'ಪಕ್ಕದ ಸೀಟಿನ ತೂಕ' ಅಂತ ಒಂದು ಸಾಲಿದೆ. ನಮ್ಮಲ್ಲಿಗೆ ಕಾರು ತರುವ ಕಿವಿ ಡಾಕ್ಟರು ಐದು ತಿಂಗಳಿಂದ ಅದರ ಮುಂದೆ ಒಂದು ಅಡ್ಡಗೆರೆ ಎಳೆದು ಬಿಡುತ್ತಿದ್ದರು. ಅಂದರೆ, ಯಾರೂ ಇಲ್ಲ. ಆ ಗೆರೆ ನನಗೆ ಎಷ್ಟು ಇಷ್ಟವಾಗಿತ್ತು ಎಂದು ಗೊತ್ತಾಗಿದ್ದು ಅದು ಹೋದ ಮೇಲೆ. ಆ ಶುಕ್ರವಾರ ಗೆರೆಯ ಜಾಗದಲ್ಲಿ, ಅವರದೇ ದುಂಡನೆಯ ಅಕ್ಷರದಲ್ಲಿ, ಐವತ್ತೆರಡು ಕಿಲೋ ಬಂದು ಕೂತಿತ್ತು.

ನಮ್ಮದು ರೇಸ್ ಟ್ರ್ಯಾಕಿಗೆ ಅಂಟಿಕೊಂಡಿರುವ ಸಣ್ಣ ವರ್ಕ್‌ಶಾಪ್. ಚಿಕ್ಕಪ್ಪನದು. ಎಂಜಿನ್ ಕೆಲಸ ಅವನದು, ಚಕ್ರದ ಕೆಲಸ ನನ್ನದು. ಚಕ್ರ ಎಷ್ಟು ಓರೆಯಾಗಿ ನಿಲ್ಲಬೇಕು, ನಾಲ್ಕು ಚಕ್ರದ ಮೇಲೆ ಎಷ್ಟೆಷ್ಟು ಭಾರ ಬೀಳಬೇಕು ಎನ್ನುವುದನ್ನೆಲ್ಲ ನಾನು ನೋಡುತ್ತೇನೆ. ಕಾಲು ಡಿಗ್ರಿ ಹೆಚ್ಚುಕಮ್ಮಿಯಾದರೂ ಬಿಚ್ಚಿ ಮತ್ತೆ ಕಟ್ಟುತ್ತೇನೆಂದು ಚಿಕ್ಕಪ್ಪ ನನ್ನನ್ನು 'ಕಾಲ್ಡಿಗ್ರಿ' ಎಂದೇ ಕರೆಯುವುದು.

ಡಾಕ್ಟರು ಮೊದಲ ಸಲ ಬಂದಾಗ ಹೆಲ್ಮೆಟ್ ತೆಗೆದ ತಲೆ ಒದ್ದೆ ಬೆಕ್ಕಿನ ಹಾಗಿತ್ತು. ಕಾರು ಪುಟ್ಟದು, ಹಸಿರು ಬಣ್ಣದ್ದು, ಎರಡೇ ಸೀಟು, ಎಂಜಿನ್ ಹಿಂದೆ.

"ಮೂರನೇ ತಿರುವಲ್ಲಿ ಸ್ಟಿಯರಿಂಗ್ ತಿರುಗಿಸ್ತೀನಿ. ಕಾರು ಕೇಳಿಸ್ಲೇ ಇಲ್ಲ ಅನ್ನೋ ಹಾಗೆ ನೇರ ಹೋಗುತ್ತೆ," ಎಂದರು.

"ನೀವು ಕಿವಿ ಡಾಕ್ಟ್ರು ಅಂತಾರಲ್ಲ, ಪರೀಕ್ಷೆ ಮಾಡಿ ನೋಡ್ಬೇಕಿತ್ತು."

ಅವರು ನಕ್ಕರು. ಆ ನಗು ಅವತ್ತೇ ನನ್ನೊಳಗೆ ಎಲ್ಲೋ ಒಂದು ನಟ್ಟು ಸಡಿಲ ಮಾಡಿತು.

ವಿಷಯ ಇಷ್ಟೇ. ಎಂಜಿನ್ ಹಿಂದಿನ ಚಕ್ರಕ್ಕಿಂತಲೂ ಹಿಂದೆ ಕೂತಿರುವ ಕಾರಿನಲ್ಲಿ ಭಾರವೆಲ್ಲ ಹಿಂದೆ. ಮೂತಿ ಹಗುರ. ತಿರುವಿನಲ್ಲಿ ಮುಂದಿನ ಟೈರು ನೆಲವನ್ನು ಗಟ್ಟಿಯಾಗಿ ಹಿಡಿಯದೆ ಹೊರಗೆ ಜಾರುತ್ತದೆ. ಇದಕ್ಕೆ ನಾವು ಅಂಡರ್‌ಸ್ಟಿಯರ್ ಎನ್ನುತ್ತೇವೆ.

"ಅರ್ಧ ತಪ್ಪು ಕಾರಿಂದು, ಅರ್ಧ ನಿಮ್ದು," ಎಂದೆ.

"ನನ್ನ ಅರ್ಧ ಯಾವುದು?"

"ತಿರುವಿಗೆ ಮುಂಚೆನೇ ಬ್ರೇಕ್ ಪೂರ್ತಿ ಬಿಟ್ಬಿಡ್ತೀರಿ. ಕಾಲು ಸ್ವಲ್ಪ ಬ್ರೇಕ್ ಮೇಲೇ ಇದ್ರೆ ಭಾರ ಮುಂದಕ್ಕೆ ಬರುತ್ತೆ, ಮೂತಿ ನೆಲಕ್ಕೆ ಒತ್ತುತ್ತೆ. ತಿರುಗಿಸ್ತಾ ತಿರುಗಿಸ್ತಾ ಮೆಲ್ಲಗೆ ಬಿಡ್ಬೇಕು."

"ಕಾರಿನ ಅರ್ಧ?"

"ಅದನ್ನ ನನಗೆ ಬಿಡಿ."

ಕಾರಿನ ಅರ್ಧಕ್ಕೆ ನಾನು ಒಂದು ನಿಯಮ ಮಾಡಿದೆ. ಒಂದು ಶನಿವಾರಕ್ಕೆ ಒಂದೇ ಬದಲಾವಣೆ. ಬದಲಾಯಿಸಿ, ಟ್ರ್ಯಾಕಿನಲ್ಲಿ ಓಡಿಸಿ, ಬಂದು ಹೇಳಬೇಕು. ಅದು ಸಾಲದಿದ್ದರೆ ಮುಂದಿನದು. ಒಂದು ವಾರ ಮುಂದಿನ ಟೈರಿನ ಗಾಳಿ ಇಳಿಸಿದೆ. ಇನ್ನೊಂದು ವಾರ ಮುಂದಿನ ಚಕ್ರಗಳ ತಲೆಯನ್ನು ಒಳಗೆ ವಾಲಿಸಿದೆ. ಆಮೇಲೆ ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ರಾಡನ್ನು ಸಡಿಲ ಮಾಡಿ, ನೋಡಿ, ಹಿಂದಿನದನ್ನು ಬಿಗಿ ಮಾಡಿದೆ. ಮೂತಿಯನ್ನು ಎಂಟು ಮಿಲಿಮೀಟರ್ ಇಳಿಸಿದೆ. ನಡುನಡುವೆ ಎರಡು ಶನಿವಾರ ಬರೀ ಅಳತೆ ತೆಗೆದು ಕಳಿಸಿದ್ದೂ ಉಂಟು.

"ಬೇರೆಯವರ ಕಾರಿಗೆ ಒಂದೇ ದಿನ ಐದು ಕೆಲಸ ಮಾಡ್ತೀಯ," ಎಂದು ಚಿಕ್ಕಪ್ಪ ಕಾರಿನ ಕೆಳಗಿನಿಂದಲೇ ಕೂಗುತ್ತಿದ್ದ. "ಇದಕ್ಕೆ ಮಾತ್ರ ಏನಮ್ಮ ವಾರಕ್ಕೊಂದು?"

"ಸೂಕ್ಷ್ಮ ಇದೆ ಚಿಕ್ಕಪ್ಪ."

"ಕಾರೋ, ಡಾಕ್ಟ್ರೋ?"

ನಾನು ಅವನು ಮಲಗಿದ್ದ ಟ್ರಾಲಿಯನ್ನು ಕಾಲಲ್ಲಿ ತಳ್ಳಿ ಇನ್ನೂ ಒಳಗೆ ಕಳಿಸುತ್ತಿದ್ದೆ.

ನಿಜ ಹೇಳಿಬಿಡುತ್ತೇನೆ. ಡಾಕ್ಟರು ನನ್ನ ಮಾತು ಕೇಳುವಾಗ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸುತ್ತಾರೆ. ಬಾಯಿ ಹಾಕುವುದಿಲ್ಲ. ಮುಗಿದ ಮೇಲೂ ಒಂದು ಕ್ಷಣ ಕಾಯುತ್ತಾರೆ, ಇನ್ನೇನಾದರೂ ಇದೆಯೇನೋ ಎಂದು. ಮೂವತ್ತಮೂರು ವರ್ಷದಲ್ಲಿ ನನ್ನ ಮಾತಿಗೆ ಯಾರೂ ಹಾಗೆ ಕಾದಿರಲಿಲ್ಲ. ನನಗೆ ಅವರು ಬೇಕಾಗಿದ್ದರು. ಶನಿವಾರಕ್ಕೆ ಮಾತ್ರವಲ್ಲ, ವಾರಪೂರ್ತಿ ಬೇಕಾಗಿದ್ದರು.

ಹೀಗಿರುವಾಗ ಐವತ್ತೆರಡು ಕಿಲೋ ಬಂತು. ಅದು ಯಾರೆಂದು ನಾನು ಯೋಚಿಸಬೇಕಾಗಲಿಲ್ಲ. ಎದುರುಗಡೆ ಟೈರ್ ಅಂಗಡಿ ನಡೆಸುವವಳು.

ಅವಳು ನನಗಿಂತ ಎಂಟು ವರ್ಷ ಚಿಕ್ಕವಳು. ಬಳ್ಳಿಯ ಹಾಗಿದ್ದಾಳೆ. ಟೈರು ಹೊತ್ತುಕೊಂಡು ನಡೆದರೂ ಕೂದಲು ಕೆದರುವುದಿಲ್ಲ, ಅದೊಂದನ್ನು ಮಾತ್ರ ನಾನು ಕ್ಷಮಿಸಲಾರೆ. ಎರಡು ತಿಂಗಳ ಹಿಂದೆ ಅವಳು ಡಾಕ್ಟರಿಗೆ, "ಸರ್, ಮುಂದೆ ಸ್ವಲ್ಪ ಅಗಲದ ಟೈರ್ ಹಾಕ್ಸಿ, ಮೆತ್ತನೆ ರಬ್ಬರಿಂದು. ಅರ್ಧ ತೊಂದ್ರೆ ಹೋಗುತ್ತೆ," ಎಂದಳು. ನಾನು, "ಅದೆಲ್ಲ ಬೇಕಾಗಿಲ್ಲ," ಎಂದೆ. ಅವಳು ಹೇಳಿದ್ದು ನೂರಕ್ಕೆ ನೂರು ಸರಿ ಎಂದು ನನಗೆ ಆಗಲೇ ಗೊತ್ತಿತ್ತು. ಹೇಳಿದವಳು ಅವಳು, ಅಷ್ಟೇ ನನ್ನ ತಕರಾರು. ಎರಡು ತಿಂಗಳು ನಾನು ಸ್ಪ್ಯಾನರ್ ಹಿಡಿದು ಟೈರು ಮಾಡಬೇಕಿದ್ದ ಕೆಲಸ ಮಾಡಲು ಹೊರಟೆ. ಕೊನೆಗೆ ಬೇರೆ ದಾರಿ ಇಲ್ಲದೆ, ಹಲ್ಲು ಕಚ್ಚಿಕೊಂಡು, ಅವಳ ಅಂಗಡಿಯಿಂದಲೇ ಟೈರು ತರಿಸಿದೆ.

ಅದು ಹಿಂದಿನ ಶನಿವಾರ. ಟೈರು ಕೊಡಲು ಬಂದವಳು ಹೋಗದೆ ಬಾಗಿಲ ಹತ್ತಿರ ಡಾಕ್ಟರ ಜೊತೆ ನಿಂತಿದ್ದಳು. ಇಬ್ಬರೂ ತಲೆ ಬಗ್ಗಿಸಿ ಪಿಸುಗುಡುತ್ತಿದ್ದರು. ನಾನು ಚಕ್ರ ಕಟ್ಟುತ್ತಾ ಓರೆಗಣ್ಣಿನಲ್ಲಿ ನೋಡುತ್ತಿದ್ದೆ. ಅವಳು ತಿರುಗಿ ನನ್ನನ್ನು ತಲೆಯಿಂದ ಕಾಲಿನವರೆಗೆ ಅಳೆದಳು. ಎಣ್ಣೆ ಮೆತ್ತಿದ ಪ್ಯಾಂಟು, ಚಿಕ್ಕಪ್ಪನ ಹಳೇ ಅಂಗಿ, ಕಿವಿಯ ಹಿಂದೆ ಸಿಕ್ಕಿಸಿದ ಪೆನ್ಸಿಲ್. ಆಮೇಲೆ ಏನೋ ಹೇಳಿದಳು. ಇಬ್ಬರೂ ನಕ್ಕರು.

"ಏನು ಅಷ್ಟೊಂದು ನಗು?" ಎಂದೆ.

"ಏನಿಲ್ಲ ಅಕ್ಕಾ, ಸುಮ್ನೆ ಒಂದು ಲೆಕ್ಕ," ಎಂದು ಅವಳು ಜಾರಿಕೊಂಡಳು. ಡಾಕ್ಟರು ಮೇಲಿನ ಫ್ಯಾನು ನೋಡುತ್ತಿದ್ದರು. ಫ್ಯಾನು ತಿರುಗುತ್ತಿರಲಿಲ್ಲ.

ಆ ವಾರವಿಡೀ ನಾನು ಯಾರ ಜೊತೆಯೂ ನೆಟ್ಟಗೆ ಮಾತಾಡಲಿಲ್ಲ. ಮನೆಯಲ್ಲಿ ಅಮ್ಮ, "ಏನಾಯ್ತೇ? ಮುಖ ಯಾಕೆ ಹಾಗೆ ಗಂಟು ಹಾಕ್ಕೊಂಡಿದೀಯ?" ಎಂದರೆ, "ಟೈರು," ಎಂದೆ.

ಶುಕ್ರವಾರ ಬೆಳಿಗ್ಗೆ ಡಾಕ್ಟರು ಕಾರು ಬಿಟ್ಟು, ಹಾಳೆ ತುಂಬಿಸಿ ಚಿಕ್ಕಪ್ಪನ ಕೈಗೆ ಕೊಟ್ಟು ಆಸ್ಪತ್ರೆಗೆ ಹೋಗಿದ್ದರು. ನಾನು ಬಂದಾಗ ಹಾಳೆ ಮಾತ್ರ ಇತ್ತು.

ಕೊನೆಯ ಕೆಲಸ ತೂಕದ್ದು. ನಾಲ್ಕು ಚಕ್ರದ ಕೆಳಗೂ ಒಂದೊಂದು ತೂಕದ ಹಲಗೆ ಇಟ್ಟು, ಕಾರಿನೊಳಗೆ ಓಡಿಸುವವರ ಭಾರದಷ್ಟು ಮರಳಿನ ಚೀಲ ಕೂರಿಸಿ, ಸ್ಪ್ರಿಂಗುಗಳನ್ನು ಒಂದೊಂದೇ ಸುತ್ತು ತಿರುಗಿಸಿ ಭಾರ ಸಮ ಮಾಡಬೇಕು. ಡಾಕ್ಟರದು ಎಪ್ಪತ್ತನಾಲ್ಕು ಕಿಲೋ. ಹಾಳೆ ನೋಡಬೇಕಾಗಿಲ್ಲ. ಆ ಎಪ್ಪತ್ತನಾಲ್ಕು ಕಿಲೋವನ್ನು ಐದು ತಿಂಗಳಿಂದ ನಾನೇ ಎರಡೂ ಕೈಯಲ್ಲಿ ಅಪ್ಪಿಕೊಂಡು, ಎತ್ತಿ, ಸೀಟಿಗೆ ಸಾಗಿಸಿದ್ದೇನೆ. ಚೀಲಗಳಿಗೆ ಬೆಲ್ಟು ಕೂಡ ಹಾಕುತ್ತೇನೆ. ಯಾರೂ ನೋಡದಿದ್ದಾಗ ಮೇಲಿನ ಚೀಲವನ್ನು ಒಂದು ಸಲ ತಟ್ಟುತ್ತೇನೆ.

ಈಗ ಅವಳನ್ನು ಅಳೆಯಬೇಕಿತ್ತು. ನನ್ನ ಕೈಯಾರೆ, ಮರಳು ತುಂಬಿ, ಗ್ರಾಂ ಲೆಕ್ಕದಲ್ಲಿ, ನನ್ನ ಸವತಿಯನ್ನು ತಯಾರು ಮಾಡಬೇಕಿತ್ತು. ಮಾಡಿದೆ. ಐವತ್ತೆರಡು ಕಿಲೋ ಪಕ್ಕದ ಸೀಟಿನಲ್ಲಿ ಕೂರಿಸಿ ಈಚೆ ಬಂದು ನೋಡಿದರೆ, ಮೇಲಿನ ಚೀಲ ಮೆಲ್ಲಗೆ ಜಾರಿ ಡಾಕ್ಟರ ಚೀಲದ ಭುಜಕ್ಕೆ ಒರಗಿತು.

ನನ್ನ ಮೈ ಉರಿದುಹೋಯಿತು. ಹೋಗಿ ಎರಡನ್ನೂ ಬೇರೆ ಮಾಡಿದೆ. ಮರಳು ಮರಳಿಗೆ ಒರಗಿದ್ದಕ್ಕೆ ಅಳು ಬರುತ್ತದೆಯೇ? ನನಗೆ ಬಂತು. ಚಿಕ್ಕಪ್ಪ ಕಾಫಿ ಕುಡಿಯಲು ಹೋಗಿದ್ದು ಒಳ್ಳೆಯದಾಯಿತು.

ಆಮೇಲೆ ಮಾಡಿದ್ದನ್ನು ಬೇರೆ ಯಾವ ಕಸುಬಿನವರೂ ಮಾಡಲಾರರು. ಒಂದು ಬಿಡಿ ಹಲಗೆಯ ಮೇಲೆ ನಾನೇ ಹತ್ತಿ ನಿಂತೆ. ಅರವತ್ತೊಂದು. ಕೆಳಗಿಳಿದು ಒಂಬತ್ತು ಕಿಲೋ ಮರಳು ತೂಗಿ ಅವಳ ಚೀಲಗಳ ಮೇಲೆ ಹೇರಿದೆ. ಆ ಸೀಟಿನಲ್ಲಿ ಯಾರು ಬೇಕಾದರೂ ಕೂರಲಿ, ಕಾರು ಮಾತ್ರ ನನ್ನ ತೂಕಕ್ಕೆ ಸಮವಾಗಿರಲಿ ಎಂದುಕೊಂಡೆ. ಸ್ಪ್ರಿಂಗುಗಳನ್ನು ಆ ಲೆಕ್ಕಕ್ಕೇ ತಿರುಗಿಸಿ ಬಿಗಿ ಮಾಡಿದೆ. ಹಾಳೆಯಲ್ಲಿ ಮಾತ್ರ ಐವತ್ತೆರಡು ಎಂದೇ ಬಿಟ್ಟು ಕೆಳಗೆ ಸಹಿ ಹಾಕಿದೆ.

ಶನಿವಾರ ಮಧ್ಯಾಹ್ನ ಡಾಕ್ಟರು ಬಂದರು. ಇಸ್ತ್ರಿ ಮಾಡಿದ ಅಂಗಿ. ಕೂದಲು ಬಾಚಿತ್ತು. ಟ್ರ್ಯಾಕಿಗೆ ಹೋಗುವವರು ಯಾರಾದರೂ ಕೂದಲು ಬಾಚುತ್ತಾರೆಯೇ?

"ರೆಡಿನಾ?"

"ರೆಡಿ. ಇಬ್ರಿಗೂ," ಎಂದೆ.

ಅವರು ಕಾರಿನ ಸುತ್ತ ಒಂದು ಸುತ್ತು ಬಂದರು. ನನ್ನನ್ನು ನೋಡಿದರು. ನಾನು ನೋಡಿದಾಗ ಟೈರು ನೋಡಿದರು.

"ಎಲ್ಲಿ ಅವ್ರು? ಐವತ್ತೆರಡು ಕಿಲೋ?"

ಕಿವಿ ಡಾಕ್ಟರ ಕಿವಿ ಎರಡೂ ಕೆಂಪಾದವು. "ಬರ್ತಾರೋ ಇಲ್ವೋ... ಇನ್ನೂ ಕೇಳಿಲ್ಲ."

"ಕೇಳದೇನೇ ತೂಕ ಬರೆದ್ರಾ?"

"ಮೊದ್ಲು ಕಾರು ಸರಿಹೋಗ್ಲಿ ಅಂತಿದ್ದೆ. ಅವ್ರನ್ನ ಪಕ್ಕದಲ್ಲಿ ಕೂರಿಸ್ಕೊಂಡು ತಿರುವಲ್ಲಿ ನೇರ ಹೋದ್ರೆ ನನ್ನ ಮರ್ಯಾದೆ ಏನು ಉಳಿಯುತ್ತೆ?"

"ಅಷ್ಟೊಂದು ದೊಡ್ಡ ಮನುಷ್ಯರಾ?"

"ನನಗೆ ಹೌದು," ಎಂದರು, ಮೆಲ್ಲಗೆ.

ಅದಾದ ಮೇಲೆ ನನಗೆ ಏನೂ ಉಳಿಯಲಿಲ್ಲ. ಅವರು ಹಾಳೆಗೆ ಕೈ ಚಾಚಿದರು. ನಾನು ಕೊಟ್ಟೆ, ಆದರೆ ಬಿಡಲಿಲ್ಲ. ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ತುದಿ ನನ್ನ ಕೈಯಲ್ಲಿ.

ಹದಿನಾಲ್ಕು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಟ್ರ್ಯಾಕಿನಲ್ಲಿ ಆ ವೇಗದಲ್ಲಿ ಹೋಗುವವರು ಕಾರನ್ನು ನಂಬುವುದಿಲ್ಲ, ನನ್ನ ಸಹಿ ಇರುವ ಹಾಳೆಯನ್ನು ನಂಬುತ್ತಾರೆ. ಒಂಬತ್ತು ಕಿಲೋದಿಂದ ಯಾರ ತಲೆಯೂ ಹೋಗುವುದಿಲ್ಲ ಎನ್ನುವುದು ನಿಜ. ಆದರೂ ಬರೆದದ್ದು ಒಂದು, ಮಾಡಿದ್ದು ಒಂದು. ಹೇಳದಿದ್ದರೆ ಅವರು ಅವಳ ಜೊತೆ ಹೋಗುತ್ತಾರೆ. ಹೇಳಿದರೂ ಅವಳ ಜೊತೆಯೇ ಹೋಗುತ್ತಾರೆ, ಮತ್ತೆ ಇತ್ತ ಬರುವುದಿಲ್ಲ, ಅಷ್ಟೇ ವ್ಯತ್ಯಾಸ.

"ಡಾಕ್ಟ್ರೇ, ಈ ಹಾಳೆ ಸುಳ್ಳು."

ಅವರು ತಲೆಯನ್ನು ಪಕ್ಕಕ್ಕೆ ವಾಲಿಸಿದರು.

"ಪಕ್ಕದ ಸೀಟಿಗೆ ಐವತ್ತೆರಡು ಹಾಕಿಲ್ಲ. ಅರವತ್ತೊಂದು ಹಾಕಿ ಸೆಟ್ ಮಾಡಿದೀನಿ. ಬೇಕು ಅಂತಾನೇ ಮಾಡಿದ್ದು. ಬಿಚ್ಚಿ ಸರಿಮಾಡೋಕೆ ಎರಡು ಗಂಟೆ ಬೇಕು, ಮಾಡಿಕೊಡ್ತೀನಿ."

"ಅರವತ್ತೊಂದು ಯಾರ ತೂಕ?"

"ನಂದು."

ಅವರು ಯಾವತ್ತಿನಂತೆ ಕಾದರು, ಇನ್ನೇನಾದರೂ ಇದೆಯೇನೋ ಎಂದು. ಇತ್ತು.

"ಅವಳು ನಿಮ್ಮ ಪಕ್ಕ ಕೂರೋದು ನನ್ನ ಕೈಲಿ ನೋಡೋಕಾಗಲ್ಲ. ಮರಳು ಕೂತಿದ್ದನ್ನೇ ನೋಡೋಕಾಗ್ಲಿಲ್ಲ. ಈಗ ನಗಬೇಕಿದ್ರೆ ನಕ್ಕುಬಿಡಿ."

ನಗಲಿಲ್ಲ. ಹಿಂದೆ ಇದ್ದ ಸ್ಟೂಲನ್ನು ಕೈಯಲ್ಲಿ ತಡಕಿ ಅದರ ಮೇಲೆ ಕೂತರು. "ಯಾರು ಅವಳು?"

"ಎದುರು ಅಂಗಡಿ!"

"ಅವ್ರಾ? ಅವ್ರ ಹತ್ರ ನಾನು ತೂಕ ಕೇಳ್ದೆ, ನಿಜ." ಡಾಕ್ಟರು ಕೈಯಿಂದ ಹಣೆ ಒರೆಸಿಕೊಂಡರು. "ನಿಮ್ಮ ತೂಕ ಎಷ್ಟಿರಬಹುದು ಅಂತ. ನಿಮ್ಮನ್ನೇ ಕೇಳೋಕೆ ಧೈರ್ಯ ಇರ್ಲಿಲ್ಲ. ಅವ್ರು ನಿಮ್ಮನ್ನ ಒಂದ್ಸಲ ನೋಡಿ ಐವತ್ತೆರಡು ಅಂದ್ರು."

ನಾನು ಸೀದಾ ರಸ್ತೆ ದಾಟಿದೆ. ಖುಷಿ ಆಮೇಲೆ ಪಡಬಹುದು, ಮೊದಲು ಇದು ಇತ್ಯರ್ಥವಾಗಬೇಕಿತ್ತು. ಅವಳು ಗಾಳಿ ತುಂಬುತ್ತಿದ್ದಳು.

"ನನ್ನ ತೂಕ ಐವತ್ತೆರಡು ಅಂದ್ಯಾ?"

ಅವಳು ಪೈಪ್ ಕೆಳಗಿಟ್ಟಳು. "ಮತ್ತೇನು ಮಾಡ್ಲಿ ಅಕ್ಕಾ? ಗಂಡಸು ಬಂದು ನಿಮ್ಮ ತೂಕ ಕೇಳಿದ್ರೆ ನಿಜ ಹೇಳಿಬಿಡಕ್ಕಾಗುತ್ತಾ? ಕಣ್ಣಂದಾಜಿಗೆ ಅರವತ್ತು ಅನ್ಸ್ತು. ಎಂಟ್ಹತ್ತು ಕಿಲೋ ಇಳಿಸಿ ಹೇಳ್ದೆ. ನಿಮಗೋಸ್ಕರಾನೇ ಹೇಳಿದ್ದು!"

ಅವಳ ಮೇಲೆ ಎರಡು ತಿಂಗಳಿಂದ ಕೂಡಿಟ್ಟ ವಿಷವೆಲ್ಲ ನನ್ನ ಬಾಯಲ್ಲೇ ಕಹಿಯಾಗಿ ಉಳಿಯಿತು.

"ನಿನ್ನ ಟೈರು ಚೆನ್ನಾಗಿದೆ," ಎಂದೆ.

"ಆಗಲೇ ಹೇಳಿದ್ನಲ್ಲ ಅಕ್ಕಾ," ಎಂದು ಅವಳು ಮತ್ತೆ ಪೈಪ್ ಎತ್ತಿಕೊಂಡಳು.

ವಾಪಸ್ಸು ಬಂದಾಗ ಡಾಕ್ಟರು ಸ್ಟೂಲಿನಿಂದ ಎದ್ದು ನಿಂತಿದ್ದರು. ಚಿಕ್ಕಪ್ಪ ಮೂಲೆಯಲ್ಲಿ ಒರೆಸಿದ ಸ್ಪ್ಯಾನರನ್ನೇ ಒರೆಸುತ್ತಾ, ನಮಗೆ ಬೆನ್ನು ಹಾಕಿ, ಕಿವಿ ಮಾತ್ರ ಇತ್ತ ಇಟ್ಟುಕೊಂಡಿದ್ದ.

"ಕೇಳೋದಿದ್ರೆ ನನ್ನನ್ನೇ ಕೇಳ್ಬೇಕು," ಎಂದೆ. "ತೂಕಾನೂ ಅಷ್ಟೆ, ಬೇರೆ ಏನಿದ್ರೂ ಅಷ್ಟೆ."

"ನನ್ನ ಪಕ್ಕ ಕೂತ್ಕೊಳ್ತೀರಾ?"

"ಹೆಲ್ಮೆಟ್ ತರ್ತೀನಿ," ಎಂದೆ.

ನನ್ನ ಧ್ವನಿ ಯಾಕೋ ಪುಟ್ಟದಾಗಿತ್ತು. ಚಿಕ್ಕಪ್ಪ ಕೆಮ್ಮಿದ.

ಕಾರಿನೊಳಗೆ ಇಬ್ಬರ ಭುಜ ತಾಗುವಷ್ಟೇ ಜಾಗ. ಮರಳಿನ ಚೀಲ ಯಾಕೆ ಒರಗಿತೆಂದು ಕೂತ ಮೇಲೆ ಅರ್ಥವಾಯಿತು. ಸೀಟೇ ಹಾಗಿತ್ತು.

ಮೊದಲ ಎರಡು ತಿರುವು ಸಲೀಸಾಗಿ ಹೋದವು. ಮೂರನೆಯದು ಬಂತು. ಡಾಕ್ಟರು ಬ್ರೇಕ್ ಒತ್ತಿದರು, ಮೂತಿ ಬಗ್ಗಿತು, ಇನ್ನೇನು ತಿರುಗಬೇಕು ಅನ್ನುವಾಗ ಗಬಕ್ಕನೆ ಕಾಲು ಎತ್ತಿಬಿಟ್ಟರು. ಮೂತಿ ಎದ್ದಿತು. ಕಾರು ನೇರ ಜಾರಿ ಅಂಚಿನ ಹುಲ್ಲು ಸವರಿಕೊಂಡು ಹೋಯಿತು.

"ಐದು ತಿಂಗಳಿಂದ ಇದನ್ನೇ ಬಡ್ಕೊಳ್ತಿದೀನಿ!"

"ಗೊತ್ತು! ನೀವು ಪಕ್ಕದಲ್ಲಿದ್ರೆ ಕಾಲು ಮಾತು ಕೇಳಲ್ಲ!"

"ಹಾಗಾದ್ರೆ ಇಳೀಲಾ?"

"ಬೇಡ, ಬೇಡ. ಇನ್ನೊಂದು ಸುತ್ತು."

ಎರಡನೇ ಸುತ್ತಿಗೆ ನಾನು ಬಾಯಲ್ಲೇ ಕಾರು ಓಡಿಸಿದೆ. "ಒತ್ತಿ. ಗಟ್ಟಿಯಾಗಿ. ಈಗ ತಿರುಗಿಸಿ, ಬ್ರೇಕ್ ಬಿಡ್ಬೇಡಿ... ಮೆಲ್ಲಗೆ... ಮೆಲ್ಲಗೆ... ಇನ್ನೂ ಸ್ವಲ್ಪ ಇರ್ಲಿ..." ಮುಂದಿನ ಟೈರುಗಳು ನೆಲಕ್ಕೆ ಹಲ್ಲೂರಿದ ಹಾಗೆ ಹಿಡಿದವು. ಮೂತಿ ತಿರುವಿನ ಒಳ ಅಂಚಿಗೆ ಗೆರೆ ಎಳೆದಂತೆ ಹೋಯಿತು. "ಈಗ ಕೊಡಿ ಆಕ್ಸಿಲರೇಟರ್!" ಹಿಂದಿನ ಎಂಜಿನ್ ಬೆನ್ನಿಗೆ ಕೈಯಿಟ್ಟು ತಳ್ಳಿತು. ಡಾಕ್ಟರು ಹೋ ಎಂದು ಕೂಗಿದರು. ನಾನೂ ಕೂಗಿದೆ. ಒಳ್ಳೆ ಕೆಲಸ ಮಾಡಿದ್ದೆ, ಸುಳ್ಳು ಹೇಳುವುದಿಲ್ಲ, ಕಣ್ಣು ತುಂಬಿಬಂತು.

ಟ್ರ್ಯಾಕಿನ ಪಕ್ಕದಲ್ಲಿ ನಿಲ್ಲಿಸಿ ಎಂಜಿನ್ ಆಫ್ ಮಾಡಿದರು. ಬಿಸಿ ಲೋಹ ಟಿಕ್ ಟಿಕ್ ಎನ್ನುತ್ತಿತ್ತು. ಇಬ್ಬರೂ ಹೆಲ್ಮೆಟ್ ತೆಗೆದೆವು. ಬಾಚಿದ ಕೂದಲು ಮತ್ತೆ ಒದ್ದೆಯಾಗಿ ಚಪ್ಪಟೆಯಾಗಿತ್ತು. ನನಗೆ ಹಾಗೆಯೇ ಇಷ್ಟ.

"ಇನ್ನೇನೂ ಸರಿಮಾಡೋದು ಉಳಿದಿಲ್ಲ ಅಲ್ವಾ?" ಎಂದರು. ಗೆದ್ದವರ ಖುಷಿ ಧ್ವನಿಯಲ್ಲಿ ಕಾಣಲಿಲ್ಲ.

"ಇಲ್ಲ."

"ಮತ್ತೆ ಮುಂದಿನ ಶನಿವಾರ ಏನು ಹೇಳ್ಕೊಂಡು ಬರ್ಲಿ?"

ಕೇಳುತ್ತಾ ಅವರು ಡ್ಯಾಶ್‌ಬೋರ್ಡನ್ನು ಸವರುತ್ತಿದ್ದರು. ಒಳ್ಳೆಯ ಕುದುರೆಯ ಕತ್ತು ಸವರಿದ ಹಾಗೆ, ಮೆಲ್ಲಗೆ, ಒಂದೇ ಸಮನೆ. ಐದು ತಿಂಗಳಿಂದ ಆ ಕೈ ಈ ಕಾರನ್ನು ಹಾಗೆ ಸವರುವುದನ್ನು ನೋಡಿಕೊಂಡು ಬಂದಿದ್ದೇನೆ. ಇಷ್ಟೆಲ್ಲ ಆದ ಮೇಲೂ ಹಾಳು ಹೊಟ್ಟೆಕಿಚ್ಚು ಮತ್ತೆ ಹೊತ್ತಿಕೊಂಡಿತು.

"ಏನೂ ಹೇಳ್ಬೇಡಿ. ನಡ್ಕೊಂಡು ಬನ್ನಿ," ಎಂದೆ. "ಕಾರು ಮನೇಲಿರ್ಲಿ. ಇಷ್ಟು ದಿನ ನಿಮ್ಮ ಗಮನವೆಲ್ಲ ಇದ್ರ ಮೇಲೇ ಇತ್ತು. ಇನ್ನು ನನಗೆ ಇದನ್ನೂ ಸಹಿಸೋಕಾಗಲ್ಲ."

ಡಾಕ್ಟರು ಡ್ಯಾಶ್‌ಬೋರ್ಡಿನಿಂದ ಥಟ್ಟನೆ ಕೈ ತೆಗೆದರು. ತೆಗೆದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಹಾಗೇ ಗಾಳಿಯಲ್ಲಿ ಹಿಡಿದುಕೊಂಡು ಕೂತರು.

ನಾನೇ ಹಿಡಿದುಕೊಂಡೆ.